ಹಾಲರ್‌ನ ತಾಮ್ರದ ತಗಡುಗಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಡಚ್ ಚಿತ್ರಕಾರ ರೆಂಬ್ರಾಂಟ್‌ನ ಎಚಿಂಗ್‌ಗಳನ್ನು, ಅಂದರೆ ತಾಮ್ರದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆಸಿ ಅಚ್ಚುಹಾಕಿದ ಚಿತ್ರಗಳನ್ನು, ನೋಡಿದ ಕಣ್ಣಿಗೆ ವೆನ್ಸೆಸ್ಲಾಸ್ ಹಾಲರ್‌ನ ಚಿತ್ರಗಳು ತಣ್ಣಗೆ ಕಾಣುತ್ತವೆ, ಒಂದೊಂದು ಗೆರೆಯೂ ಅಚ್ಚುಕಟ್ಟಾಗಿದ್ದರೂ ಅದರ ಹಿಂದಿನ ಮನುಷ್ಯನ ಮನಸ್ಸು ಎಲ್ಲಿಯೂ ಸಿಗುವುದಿಲ್ಲ ಎಂದು ಬರೆದಿದ್ದೀಯೆ. ಹೋಲಿಸುವ ಆಸೆ ಸಹಜವಾದದ್ದೇ. ರೆಂಬ್ರಾಂಟ್ ಹುಟ್ಟಿದ್ದು 1606ರಲ್ಲಿ, ಹಾಲರ್ ಹುಟ್ಟಿದ್ದು 1607ರಲ್ಲಿ. ಇಬ್ಬರ ಕೈಯಲ್ಲಿದ್ದದ್ದೂ ಅದೇ ತಾಮ್ರದ ತಗಡು, ಅದೇ ಮೇಣ, ಅದೇ ಸೂಜಿ, ಅದೇ ಆಮ್ಲ. ಆದರೆ ಹಾಲರ್ ತನ್ನ ಬಾಳಿನ ಕೊನೆಯ ಇಪ್ಪತ್ತೈದು ವರ್ಷಗಳನ್ನು ಬಹುಪಾಲು ಲಂಡನ್ನಿನ ಪುಸ್ತಕಗಳಿಗಾಗಿಯೇ ಸವೆಸಿದವನು. ಪುಟಗಳ ನಡುವೆ ಕುಳಿತು ಪಕ್ಕದ ಬರಹಕ್ಕೆ ಸಾಕ್ಷಿ ನುಡಿಯಬೇಕಾದ ಚಿತ್ರವನ್ನು, ತನ್ನಷ್ಟಕ್ಕೆ ತಾನೇ ನಿಲ್ಲುವ ಚಿತ್ರದ ಅಳತೆಗೋಲಿನಿಂದ ಅಳೆದರೆ ಅದಕ್ಕೆ ಅನ್ಯಾಯವಾಗುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಹಾಗೆ ಏಕೆ ನಂಬಿದ್ದೇನೆ ಎಂಬುದನ್ನು ಹೇಳಲು ಈ ಪತ್ರ.

ಅವನ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಾಲರ್ ಬೊಹೀಮಿಯಾ ನಾಡಿನ ಪ್ರಾಗ್ ನಗರದವನು. ಮಗ ಚಿತ್ರಕಾರನಾಗುವುದು ತಂದೆಗೆ ಒಪ್ಪಿಗೆಯಿರಲಿಲ್ಲ. ಮೂವತ್ತು ವರ್ಷಗಳ ಯುದ್ಧ ಬೊಹೀಮಿಯಾವನ್ನು ಜರ್ಝರಿತಗೊಳಿಸಿದ್ದ ಕಾಲದಲ್ಲಿ, 1627ರಲ್ಲಿ ಅವನು ಊರು ಬಿಟ್ಟು ಜರ್ಮನಿಯ ನಗರಗಳಲ್ಲಿ ಅಲೆದು, ಫ್ರಾಂಕ್‌ಫರ್ಟ್‌ನಲ್ಲಿ ಕೆತ್ತನೆಗಾರ ಮ್ಯಾಥೆಯಸ್ ಮೇರಿಯನ್ ಬಳಿ ನಗರದೃಶ್ಯಗಳನ್ನು ಬಿಡಿಸುವ ಕೆಲಸದಲ್ಲಿ ಪಳಗಿದನು. 1636ರಲ್ಲಿ ಪವಿತ್ರ ರೋಮನ್ ಚಕ್ರವರ್ತಿಯ ಬಳಿಗೆ ರಾಯಭಾರ ಹೊರಟಿದ್ದ ಇಂಗ್ಲಿಷ್ ಶ್ರೀಮಂತ, ಅರಂಡೆಲ್ಲಿನ ಅರ್ಲ್ ಥಾಮಸ್ ಹೋವರ್ಡ್ ಕಲೋನ್ ನಗರದಲ್ಲಿ ಅವನನ್ನು ಕಂಡು, ಜೊತೆಗೆ ಕರೆದೊಯ್ದು, ಅದೇ ವರ್ಷದ ಕೊನೆಗೆ ಲಂಡನ್ನಿಗೆ ಕರೆತಂದನು. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ 1644ರಲ್ಲಿ ಆಂಟ್‌ವರ್ಪ್‌ಗೆ ಹೋದ ಹಾಲರ್ 1652ರಲ್ಲಿ ಮರಳಿ ಬಂದನು. ಮೊದಲ ಸಲ ಬಂದಾಗ ಬಡವರು ಬಲ್ಲಿದರೆನ್ನದೆ ಎಲ್ಲರ ಮುಖದಲ್ಲೂ ಗೆಲುವು ಇತ್ತು, ಹಿಂದಿರುಗಿ ಬಂದಾಗ ಅವೇ ಮುಖಗಳು ಮಾಟಕ್ಕೆ ಒಳಗಾದಂತೆ ಕಳೆಗುಂದಿ, ಹಗೆ ತುಂಬಿಕೊಂಡಿದ್ದವು ಎಂದು ಅವನು ತನಗೆ ಹೇಳಿದ್ದನ್ನು ಆ ಕಾಲದ ಜೀವನಚರಿತ್ರೆಕಾರ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಮನಸ್ಸು ಎಲ್ಲಿದೆ ಎಂದು ನೀನು ಕೇಳುತ್ತೀಯಲ್ಲ, ಒಂದು ನಾಡಿನ ಮುಖಚರ್ಯೆ ಬದಲಾದುದನ್ನು ಹೀಗೆ ಗುರುತಿಸಿದವನ ಬಗ್ಗೆ ನಾವು ಮಾತನಾಡುತ್ತಿದ್ದೇವೆ ಎಂಬುದು ನೆನಪಿರಲಿ.

ಇನ್ನು ಕೆಲಸದ ರೀತಿ. ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಉಳಿಯಿಂದ ತಾಮ್ರವನ್ನು ನೇರವಾಗಿ ಕೆತ್ತುವುದು ಒಂದು ವಿಧಾನ. ಹಾಲರ್ ಬಳಸಿದ್ದು ಹೆಚ್ಚಾಗಿ ಎಚಿಂಗ್. ತಗಡಿಗೆ ಮೇಣದ ತೆಳುವಾದ ಲೇಪ ಹಚ್ಚಿ, ಅದನ್ನು ಹೊಗೆಯಲ್ಲಿ ಕಪ್ಪಾಗಿಸಿ, ಸೂಜಿಯಿಂದ ಲೇಪವನ್ನು ಗೀರಿ ಚಿತ್ರ ಬಿಡಿಸಬೇಕು; ಆಮ್ಲ ಸುರಿದಾಗ ಗೀರಿದ ಕಡೆಯಷ್ಟೇ ತಾಮ್ರವನ್ನು ಅದು ತಿಂದು ಗೆರೆಯನ್ನು ಆಳಗೊಳಿಸುತ್ತದೆ. ದೂರದ ಬೆಟ್ಟ, ಆಕಾಶ, ಚಾವಣಿಯ ತುದಿ ಮುಂತಾದ ತೆಳುಗೆರೆಗಳು ಸಾಕಷ್ಟು ಆಳವಾದೊಡನೆ ಅವುಗಳ ಮೇಲೆ ವಾರ್ನಿಷ್ ಬಳಿದು ಆಮ್ಲವನ್ನು ತಡೆದು, ಹತ್ತಿರದ ಕಂಬ ಗೋಡೆಗಳ ಗೆರೆಗಳನ್ನು ಮಾತ್ರ ಮತ್ತಷ್ಟು ಹೊತ್ತು ತಿನ್ನಲು ಬಿಡುತ್ತಾರೆ. ಹಾಲರ್‌ನ ಚರ್ಚುಗಳ ಒಳಾಂಗಣದಲ್ಲಿ ಬೆಳಕು ಕಮಾನಿನಿಂದ ಕಮಾನಿಗೆ ತೆಳುವಾಗುತ್ತ ಹೋಗುವುದು ಈ ಕಾಯುವಿಕೆಯ ಫಲ. ನಮ್ಮ ತಾಮ್ರಶಾಸನಗಳಲ್ಲಿ ಓದಬೇಕಾದದ್ದು ತಗಡನ್ನೇ ಆದ್ದರಿಂದ ಅಕ್ಷರಗಳು ನೇರವಾಗಿರುತ್ತವೆ; ಕಾಗದದ ಮೇಲೆ ನೇರವಾಗಿ ಬೀಳಲೆಂದು ಹಾಲರ್‌ನ ತಗಡಿನಲ್ಲಿ ಕಟ್ಟಡ, ವಂಶಲಾಂಛನ, ಲ್ಯಾಟಿನ್ ಬರಹ ಎಲ್ಲವೂ ಎಡಬಲ ತಿರುಗಿ, ಕನ್ನಡಿಯಲ್ಲಿ ಕಂಡಂತೆ ಮೂಡಬೇಕಾಗಿತ್ತು.

ಪುಸ್ತಕಕ್ಕೆ ತಾಮ್ರದ ಚಿತ್ರ ಸೇರಿಸುವುದು ಆ ಕಾಲದ ಮುದ್ರಕರಿಗೆ ಸುಲಭವಾಗಿರಲಿಲ್ಲ. ಅಚ್ಚಿನ ಮೊಳೆಗಳ ಉಬ್ಬಿದ ಮುಖಕ್ಕೆ ಶಾಯಿ ಹತ್ತುತ್ತದೆ. ತಾಮ್ರದ ತಗಡಿನಲ್ಲಿ ಶಾಯಿ ನಿಲ್ಲುವುದು ಇಳಿದ ಗೆರೆಗಳ ಒಳಗೆ. ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರಸಿ, ಒದ್ದೆ ಮಾಡಿದ ಕಾಗದವಿಟ್ಟು, ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಿ ಹಾಯಿಸಿದರೆ ಮಾತ್ರ ಕಾಗದ ಆ ಶಾಯಿಯನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಬರಹಕ್ಕೊಂದು ಯಂತ್ರ, ಚಿತ್ರಕ್ಕೊಂದು ಯಂತ್ರ. ಎರಡೂ ಒಂದೇ ಪುಟದಲ್ಲಿ ಬರಬೇಕಾದರೆ ಆ ಹಾಳೆ ಎರಡು ಸಲ ಅಚ್ಚಾಗಬೇಕು. ಇಲ್ಲವಾದರೆ ಚಿತ್ರಗಳನ್ನು ಬೇರೆಯಾಗಿ ಅಚ್ಚುಹಾಕಿಸಿ, ಬೈಂಡ್ ಮಾಡುವವನು ಅವುಗಳನ್ನು ಅವುಗಳ ಜಾಗದಲ್ಲಿ ಸೇರಿಸಿ ಹೊಲಿಯಬೇಕು. ಮರದ ಅಚ್ಚಾದರೆ ಮೊಳೆಗಳ ಜೊತೆಯಲ್ಲೇ ಕೂರುತ್ತಿತ್ತು. ಇಷ್ಟೊಂದು ಖರ್ಚು ಮತ್ತು ತೊಡಕು ಇದ್ದರೂ ತಾಮ್ರವನ್ನೇ ಆರಿಸಿದ್ದಕ್ಕೆ ಕಾರಣ ಗೆರೆಯ ಸೂಕ್ಷ್ಮತೆ. ಆ ಸೂಕ್ಷ್ಮತೆಯನ್ನು ಕೊಡಬಲ್ಲ ಕೈಗಳು ಇಂಗ್ಲೆಂಡಿನಲ್ಲಿ ಕಡಿಮೆ ಇದ್ದುದರಿಂದ ಲಂಡನ್ನಿನ ಪ್ರಕಾಶಕರು ಯುರೋಪಿನ ಬೇರೆ ನಾಡುಗಳಿಂದ ಬಂದ ಕೆತ್ತನೆಗಾರರನ್ನು ಬಹುವಾಗಿ ನೆಚ್ಚಿಕೊಂಡಿದ್ದರು.

ಹಾಲರ್‌ನ ಕೈಗೆ ತಕ್ಕ ಕೆಲಸ ಕೊಟ್ಟವನು ಪುರಾತನ ವಿಷಯಗಳ ಸಂಶೋಧಕ ವಿಲಿಯಂ ಡಗ್‌ಡೇಲ್. ಹೆನ್ರಿ 8ನೆಯ ದೊರೆ ಮುಚ್ಚಿಸಿದ್ದ ಕ್ರೈಸ್ತ ಮಠಗಳ ದಾನಪತ್ರಗಳನ್ನೂ ಇತಿಹಾಸವನ್ನೂ ಕೂಡಿಹಾಕಿದ ‘ಮೊನಾಸ್ಟಿಕಾನ್ ಆಂಗ್ಲಿಕಾನಮ್’ ಎಂಬ ದೊಡ್ಡ ಗ್ರಂಥದ ಮೊದಲ ಸಂಪುಟ 1655ರಲ್ಲಿ ಹೊರಬಂತು. ಮರುವರ್ಷ ವಾರಿಕ್‌ಶೈರ್ ಪ್ರಾಂತ್ಯದ ಪ್ರಾಚೀನ ಅವಶೇಷಗಳ ಕುರಿತ ಗ್ರಂಥ ಬಂತು. ಚಿತ್ರಗಳ ಖರ್ಚನ್ನು ಗಣ್ಯರಿಂದ ಪಡೆಯುವುದು, ಹಣ ಕೊಟ್ಟವರ ವಂಶಲಾಂಛನವನ್ನೂ ಹೆಸರನ್ನೂ ಚಿತ್ರದ ಮೂಲೆಯಲ್ಲಿ ಕೆತ್ತಿಸುವುದು ಆಗ ರೂಢಿಯಲ್ಲಿದ್ದ ಏರ್ಪಾಟು. ‘ಮೊನಾಸ್ಟಿಕಾನ್’ನಲ್ಲಿ ಹಾಲರ್‌ನ ಜೊತೆಗೆ ಡೇನಿಯಲ್ ಕಿಂಗ್ ಎಂಬವನ ಚಿತ್ರಗಳೂ ಇವೆ. ಕಿಂಗ್‌ನ ಚರ್ಚುಗಳು ಕಾಗದದಿಂದ ಕತ್ತರಿಸಿ ನಿಲ್ಲಿಸಿದಂತೆ ಚಪ್ಪಟೆಯಾಗಿವೆ: ಕಿಟಕಿಗಳ ಸಾಲುಂಟು, ಗೋಡೆಗೆ ದಪ್ಪವಿಲ್ಲ. ಅದೇ ಪುಸ್ತಕದಲ್ಲಿ ಹಾಲರ್ ಬಿಡಿಸಿದ ಕಟ್ಟಡಗಳಲ್ಲಿ ಕಲ್ಲಿನ ಭಾರವೂ ನೆರಳಿನ ದಿಕ್ಕೂ ಗೊತ್ತಾಗುತ್ತವೆ. ಹಾಲರ್‌ನನ್ನು ರೆಂಬ್ರಾಂಟ್‌ನ ಪಕ್ಕದಲ್ಲಿಟ್ಟು ನೋಡುವ ಮೊದಲು ಕಿಂಗ್‌ನ ಪಕ್ಕದಲ್ಲಿಟ್ಟು ನೋಡು. ಆ ಕಾಲದ ಇಂಗ್ಲಿಷ್ ಓದುಗನಿಗೆ ಅವನು ಏನು ಕೊಟ್ಟನೆಂಬುದು ತಿಳಿಯುತ್ತದೆ.

ನನ್ನ ಮಟ್ಟಿಗೆ ಅವನ ಪುಸ್ತಕ ಚಿತ್ರಗಳಲ್ಲೆಲ್ಲ ಮೇಲಾದವು ಡಗ್‌ಡೇಲ್ 1658ರಲ್ಲಿ ಪ್ರಕಟಿಸಿದ, ಲಂಡನ್ನಿನ ಪ್ರಧಾನ ಚರ್ಚಾದ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ ಇತಿಹಾಸದಲ್ಲಿವೆ. ಈ ಪುಸ್ತಕದ ಹಿಂದೆ ಒಂದು ಆತಂಕವಿತ್ತು. ಅಂತರ್ಯುದ್ಧ ಹತ್ತಿರವಾಗುತ್ತಿದೆ, ಚರ್ಚುಗಳಿಗೆ ಕೇಡು ಕಾದಿದೆ ಎಂದು ಮನಗಂಡ ಡಗ್‌ಡೇಲ್, ಕ್ರಿಸ್ಟೋಫರ್ ಹ್ಯಾಟನ್ ಕೊಟ್ಟ ಪ್ರೋತ್ಸಾಹದಿಂದ, 1641ರಲ್ಲಿಯೇ ವಿಲಿಯಂ ಸೆಡ್ಜ್‌ವಿಕ್ ಎಂಬ ಲಾಂಛನ ಚಿತ್ರಕಾರನನ್ನು ಕರೆದುಕೊಂಡು ಸೇಂಟ್ ಪಾಲ್ಸ್, ವೆಸ್ಟ್‌ಮಿನ್‌ಸ್ಟರ್, ಪೀಟರ್‌ಬರೋ, ಈಲಿ ಮುಂತಾದ ಕಡೆಗಳಿಗೆ ಹೋಗಿ ಸಮಾಧಿಗಳನ್ನೂ ಶಾಸನಗಳನ್ನೂ ಬರೆದು ಬಿಡಿಸಿಕೊಂಡು ಬಂದಿದ್ದನು. ಅವನ ಭಯ ನಿಜವಾಯಿತು. ಸೇಂಟ್ ಪಾಲ್ಸ್‌ನ ಒಳಗೆ ಸೈನಿಕರು ಕುದುರೆಗಳನ್ನು ಕಟ್ಟಿದರು. ದುರಸ್ತಿಗೆಂದು ನಿಲ್ಲಿಸಿದ್ದ ಅಟ್ಟಣೆಗಳನ್ನು ತೆಗೆದುಹಾಕಿದ ಮೇಲೆ ಕಮಾನು ಚಾವಣಿಯ ಒಂದು ಭಾಗ ಕುಸಿಯಿತು. ಹಾಲರ್ ಅನೇಕ ಸಮಾಧಿಗಳನ್ನು ಸೆಡ್ಜ್‌ವಿಕ್‌ನ ಚಿತ್ರಗಳ ಆಧಾರದಿಂದ ತಾಮ್ರಕ್ಕೆ ಇಳಿಸಬೇಕಾಯಿತು. 1561ರಲ್ಲಿ ಸಿಡಿಲು ಬಡಿದು ಉರಿದುಹೋಗಿದ್ದ ಗೋಪುರ ಶಿಖರವನ್ನೂ ಒಂದು ತಗಡಿನಲ್ಲಿ ಅದರ ಸ್ಥಾನಕ್ಕೆ ಮರಳಿಸಿ ತೋರಿಸಿದ್ದಾನೆ. ಕ್ಯಾಥೆಡ್ರಲ್‌ನ ಉದ್ದಕ್ಕೂ ಸಾಗುವ ಕಂಬಗಳ ಸಾಲು, ಕಮಾನುಗಳು, ಪೂರ್ವದ ದೊಡ್ಡ ಚಕ್ರಾಕಾರದ ಕಿಟಕಿ, ಪಶ್ಚಿಮದಲ್ಲಿ ಇನಿಗೋ ಜೋನ್ಸ್ ಕಟ್ಟಿಸಿದ ಕಂಬಗಳ ಮುಖಮಂಟಪ ಎಲ್ಲವೂ ಅಲ್ಲಿವೆ.

ಆ ತಗಡುಗಳಲ್ಲಿ ಒಂದರ ಮೇಲೆ ಹಾಲರ್ ತನ್ನ ಹೆಸರಿನಲ್ಲಿಯೇ ಲ್ಯಾಟಿನ್ ಭಾಷೆಯ ಸಾಲುಗಳನ್ನು ಕೆತ್ತಿದ್ದಾನೆ. ಪ್ರತಿದಿನವೂ ತನ್ನ ಪತನವನ್ನು ಎದುರು ನೋಡುತ್ತಿರುವ ಈ ದೇವಾಲಯವನ್ನು ಒಂದು ಕಾಲದಲ್ಲಿ ಮೆಚ್ಚಿ ಬೆರಗಾಗಿದ್ದ ಬೊಹೀಮಿಯಾದ ವೆನ್ಸೆಸ್ಲಾಸ್ ಹಾಲರ್ ಇದರ ನೆನಪನ್ನು ಹೀಗೆ ಕಾಪಾಡಿದ್ದಾನೆ ಎಂಬುದು ಅದರ ತಾತ್ಪರ್ಯ. ಗೆಳೆಯ, ನೀನು ಹುಡುಕುತ್ತಿದ್ದ ಮನಸ್ಸು ಇಲ್ಲಿದೆ. ಯುದ್ಧದಿಂದ ನೊಂದ ನಾಡನ್ನು ಯೌವನದಲ್ಲಿಯೇ ಬಿಟ್ಟುಬಂದವನು ಪರನಾಡಿನ ಒಂದು ಕಟ್ಟಡದ ಮುಂದೆ ನಿಂತು, ಇದು ಉಳಿಯುವುದಿಲ್ಲ ಎಂದು ತಿಳಿದು, ತನಗೆ ಬರುವ ಒಂದೇ ಒಂದು ವಿದ್ಯೆಯಿಂದ ಅದನ್ನು ಉಳಿಸಲು ಕುಳಿತಿದ್ದಾನೆ. ಅಲ್ಲಿ ನಾಟಕೀಯವಾದ ಕತ್ತಲೆಯನ್ನೋ ಉದ್ವೇಗದ ಗೆರೆಯನ್ನೋ ಎಳೆದಿದ್ದರೆ ಚಿತ್ರಕ್ಕೆ ಕಳೆ ಬರುತ್ತಿತ್ತೇನೋ, ಆದರೆ ಹನ್ನೆರಡನೆಯ ಕಮಾನು ಹನ್ನೊಂದನೆಯದರ ಹಿಂದೆ ಹೇಗೆ ನಿಂತಿತ್ತು ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ನೀನು ತಣ್ಣಗಿದೆ ಎಂದು ಕರೆದ ಆ ಸಂಯಮವನ್ನು ನಾನು ಪ್ರೀತಿಯ ಒಂದು ರೂಪವೆಂದೇ ತಿಳಿಯುತ್ತೇನೆ.

ಎಂಟು ವರ್ಷಗಳ ನಂತರ, 1666ರ ಸೆಪ್ಟೆಂಬರ್ 2ರಂದು ಲಂಡನ್ನಿಗೆ ಬೆಂಕಿ ಬಿತ್ತು. 4ರಂದು ಸೇಂಟ್ ಪಾಲ್ಸ್ ಉರಿಯಿತು. ಕ್ಯಾಥೆಡ್ರಲ್‌ನ ಸುತ್ತಲಿನ ಅಂಗಳವೇ ಇಂಗ್ಲಿಷ್ ಪುಸ್ತಕ ವ್ಯಾಪಾರದ ಕೇಂದ್ರವಾಗಿತ್ತು. ಅಲ್ಲಿನ ವ್ಯಾಪಾರಿಗಳು ತಮ್ಮ ಪುಸ್ತಕಗಳನ್ನೆಲ್ಲ ಕ್ಯಾಥೆಡ್ರಲ್‌ನ ಕೆಳಗಿದ್ದ ಸೇಂಟ್ ಫೇತ್ಸ್ ನೆಲಮಾಳಿಗೆಗೆ ಸಾಗಿಸಿ, ಕಲ್ಲಿನ ಚಾವಣಿಯ ಕೆಳಗೆ ಅವು ಸುರಕ್ಷಿತವೆಂದು ನಂಬಿದ್ದರು. ಮೇಲಿನ ಕಟ್ಟಡ ಕುಸಿದು ಬೆಂಕಿ ಒಳಹೊಕ್ಕು ಆ ಸಂಗ್ರಹವೆಲ್ಲ ಸುಟ್ಟುಹೋಯಿತು. ಹಳೆಯ ಸೇಂಟ್ ಪಾಲ್ಸ್‌ನ ಒಳಗೆ ಇಂದು ನಾವು ಕಣ್ಣಿನಿಂದಲಾದರೂ ನಡೆದಾಡಬಲ್ಲೆವಾದರೆ ಅದು ಮುಖ್ಯವಾಗಿ ಹಾಲರ್‌ನ ತಗಡುಗಳಿಂದ. ಕವಿ ಹಾಗೂ ಆ ಕ್ಯಾಥೆಡ್ರಲ್‌ನ ಡೀನ್ (ಮುಖ್ಯ ಪಾದ್ರಿ) ಆಗಿದ್ದ ಜಾನ್ ಡನ್ ಶವವಸ್ತ್ರ ಹೊದ್ದು ಕಲಶದ ಮೇಲೆ ನಿಂತಿರುವ ಅಮೃತಶಿಲೆಯ ಮೂರ್ತಿಯೊಂದು ಹೆಚ್ಚು ಹಾನಿಯಿಲ್ಲದೆ ಬೆಂಕಿಯನ್ನು ದಾಟಿಬಂತು. ನಿಕೊಲಸ್ ಸ್ಟೋನ್ ಕಡೆದ ಆ ಮೂರ್ತಿ ಇಂದಿನ ಸೇಂಟ್ ಪಾಲ್ಸ್‌ನಲ್ಲಿದೆ, ಕಲಶದ ಮೇಲೆ ಬೆಂಕಿಯ ಕಲೆಗಳಿವೆ. 1658ರ ಪುಸ್ತಕದ ಚಿತ್ರವನ್ನು ಅದರ ಜೊತೆ ಹೋಲಿಸಿ ನೋಡುವ ಅವಕಾಶ ನಮಗಿದೆ.

ಬೆಂಕಿ ಆರಿದ ಮೇಲೆ ಹಾಲರ್ ನಗರದ ನಕ್ಷೆಯೊಂದನ್ನು ಕೆತ್ತಿದನು. ಅದರಲ್ಲಿ ಉಳಿದ ಮನೆಗಳೆಲ್ಲ ಒತ್ತೊತ್ತಾಗಿ ನಿಂತಿವೆ. ಸುಟ್ಟ ಭಾಗವೆಲ್ಲ ಬರೀ ಬಿಳಿ, ಬೀದಿಗಳ ಗೆರೆ ಮತ್ತು ಚರ್ಚುಗಳಿದ್ದ ಜಾಗದ ಗುರುತು ಮಾತ್ರ. ಥೇಮ್ಸ್ ನದಿಯ ದಕ್ಷಿಣ ದಡದ ಚರ್ಚಿನ ಗೋಪುರದಿಂದ ಕಂಡ ನಗರವನ್ನು ಬೆಂಕಿಗೆ ಮುಂಚೆ ಹೇಗಿತ್ತು, ಬಳಿಕ ಹೇಗಾಯಿತು ಎಂದು ಒಂದರ ಕೆಳಗೊಂದು ಇಟ್ಟು ತೋರಿಸಿದನು. ಹಾಗೆಂದು ಅವನು ಎಲ್ಲಿಯೂ ತಪ್ಪಲಿಲ್ಲ ಎಂದು ನಾನು ವಾದಿಸುವುದಿಲ್ಲ. 1647ರಲ್ಲಿ ಆಂಟ್‌ವರ್ಪ್‌ನಲ್ಲಿ ಕುಳಿತು ಕೆತ್ತಿದ ಲಂಡನ್ನಿನ ಉದ್ದನೆಯ ದೃಶ್ಯದಲ್ಲಿ ಶೇಕ್ಸ್‌ಪಿಯರ್‌ನ ನಾಟಕಗಳಿಗೆ ಹೆಸರಾದ ಗ್ಲೋಬ್ ನಾಟಕಶಾಲೆಯ ಹೆಸರು ಕರಡಿ ಕಾಳಗದ ಮನೆಗೂ, ಆ ಮನೆಯ ಹೆಸರು ಗ್ಲೋಬ್‌ಗೂ ಬಿದ್ದಿವೆ. ಕಟ್ಟಡಗಳನ್ನು ಮಾತ್ರ ಅವನು ಸ್ಥಳದಲ್ಲಿಯೇ ಕಂಡು ಬರೆದುಕೊಂಡಿದ್ದನು. ಗ್ಲೋಬನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಲು ಹೊರಟವರು ಅವನ ಆ ರೇಖಾಚಿತ್ರವನ್ನು ಆಧಾರವಾಗಿ ಹಿಡಿದರು.

ಕೆತ್ತಿದವನಿಗೆ ತನ್ನ ತಗಡಿನ ಮೇಲೆ ಹಕ್ಕು ಇರುತ್ತಿದ್ದುದು ಅಪರೂಪ. ಜಾನ್ ಓಗಿಲ್ಬಿ 1654ರಲ್ಲಿ ಹೊರತಂದ ಲ್ಯಾಟಿನ್ ಕವಿ ವರ್ಜಿಲ್‌ನ ಕೃತಿಗಳ ಅನುವಾದಕ್ಕೆ ಫ್ರಾನ್ಸಿಸ್ ಕ್ಲೈನ್ ರಚಿಸಿದ ಚಿತ್ರಗಳನ್ನು ಹಾಲರ್, ಪಿಯರ್ ಲೊಂಬಾರ್ ಮೊದಲಾದವರು ತಾಮ್ರಕ್ಕಿಳಿಸಿದ್ದರು. 1697ರಲ್ಲಿ ಪ್ರಕಾಶಕ ಜೇಕಬ್ ಟಾನ್ಸನ್ ಅವೇ ತಗಡುಗಳನ್ನು ಇಂಗ್ಲಿಷ್ ಕವಿ ಡ್ರೈಡನ್‌ನ ಅನುವಾದಕ್ಕೆ ಬಳಸಿಕೊಂಡು, ಆಳುತ್ತಿದ್ದ ವಿಲಿಯಂ ದೊರೆಯನ್ನು ಹೋಲುವಂತೆ ಕಥಾನಾಯಕ ಈನಿಯಸ್‌ನ ಮೂಗನ್ನು ಕೊಕ್ಕಿನಂತೆ ತಿದ್ದಿಸಿದನು. ಹೀಗೆ ಯಾರ ಯಾರದೋ ಕೈ ಸೇರುವ ಕೆಲಸಕ್ಕೆ ಹಾಲರ್‌ಗೆ ಸಿಗುತ್ತಿದ್ದದ್ದು ಗಂಟೆಯ ಲೆಕ್ಕದ ಕೂಲಿ. ಗಂಟೆಗೆ 12 ಪೆನ್ಸ್ ಎಂದು ಅವನನ್ನು ಹತ್ತಿರದಿಂದ ಬಲ್ಲ ಫ್ರಾನ್ಸಿಸ್ ಪ್ಲೇಸ್ ಹೇಳಿದರೆ, ಬರೀ 4 ಪೆನ್ಸ್ ಎಂಬ ಹೇಳಿಕೆಯೂ ಇದೆ. ಎದುರಿಗೆ ಮರಳುಗಡಿಯಾರ ಇರುತ್ತಿತ್ತು. ಯಾರಾದರೂ ಬಂದು ಮಾತಿಗೆ ಕೂತರೆ ಅದನ್ನು ಅಡ್ಡ ಮಲಗಿಸಿ, ಅವರು ಹೋದ ಮೇಲೆ ಎತ್ತಿ ನಿಲ್ಲಿಸುತ್ತಿದ್ದನಂತೆ. ಕೊಟ್ಟವರ ಹಣದಲ್ಲಿ ಒಂದು ನಿಮಿಷವೂ ತನ್ನದಾಗಬಾರದೆಂಬ ಪ್ರಾಮಾಣಿಕತೆ. ಎಡಗಣ್ಣು ಸರಿಯಿರಲಿಲ್ಲ, ಕೆಲಸ ಮಾಡುವಾಗ ಅದಕ್ಕೆ ಕೈ ಮರೆಮಾಡಿಕೊಳ್ಳುತ್ತಿದ್ದನು. ಅವನ ಸೂಕ್ಷ್ಮ ಕೆಲಸವನ್ನು ಭೂತಗನ್ನಡಿಯಿಲ್ಲದೆ ತೂಗಿನೋಡಲಾಗದು ಎಂದು ಆಬ್ರಿ ಬರೆದಿದ್ದಾನೆ. ಹೀಗೆ ಸುಮಾರು 2,700 ತಗಡುಗಳು ಆ ಕೈಯಿಂದ ಹೊರಬಂದವು.

ಅವನು ಬಡವನಾಗಿಯೇ ಸತ್ತನು. ಅವನ ಮಗ 1665ರ ಪ್ಲೇಗಿಗೆ ಬಲಿಯಾಗಿದ್ದನು. 1677ರ ಮಾರ್ಚ್ 25ರಂದು ಹಾಲರ್ ಸಾಯುವ ಹೊತ್ತಿಗೆ ಸಾಲಕ್ಕಾಗಿ ಮನೆಯ ಸಾಮಾನು ಜಪ್ತಿ ಮಾಡಲು ಬಂದಿದ್ದವರನ್ನು, ಈ ಹಾಸಿಗೆಯೊಂದನ್ನು ಬಿಡಿ, ಇದರ ಮೇಲೆ ಸಾಯುತ್ತೇನೆ ಎಂದು ಬೇಡಿಕೊಂಡನೆಂಬ ಕಥೆಯಿದೆ. ಡಗ್‌ಡೇಲ್, ಓಗಿಲ್ಬಿ, ಹಾಲರ್‌ನಿಂದ ಚಿತ್ರ ಬಿಡಿಸಿಕೊಂಡ ಇನ್ನೊಬ್ಬ ಲೇಖಕ ಆಶ್ಮೋಲ್ ಇವರ ಗ್ರಂಥಗಳನ್ನು ಇಂದು ನಮ್ಮಂಥವರು ತೆರೆಯುವುದು ಬಹುಮಟ್ಟಿಗೆ ಅವನ ಚಿತ್ರಗಳಿಗಾಗಿ ಎಂಬುದನ್ನು ನೆನೆದಾಗ ನನಗೆ ನಿಜವಾಗಿಯೂ ದುಃಖವಾಗುತ್ತದೆ.

ಟೊರಾಂಟೊ ವಿಶ್ವವಿದ್ಯಾಲಯದ ಥಾಮಸ್ ಫಿಶರ್ ಗ್ರಂಥಾಲಯ ತನ್ನ ಹಾಲರ್ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ, ಚಿತ್ರಗಳನ್ನು ದೊಡ್ಡದು ಮಾಡಿ ನೋಡಬಹುದು. ಆಂಟ್‌ವರ್ಪ್‌ನಲ್ಲಿ ಅವನು ಕೆತ್ತಿದ, ಚಳಿಗೆ ಕೈಗಳನ್ನು ತೂರಿಸಿಕೊಳ್ಳುವ ತುಪ್ಪಳದ ಮಫ್‌ಗಳು, ಶಂಖಗಳು ನಿನ್ನನ್ನು ಮೊದಲು ಸೆಳೆಯುತ್ತವೆ ಎಂದು ಬಲ್ಲೆ. ಅವುಗಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲು. ಆಮೇಲೆ ಸೇಂಟ್ ಪಾಲ್ಸ್‌ನ ಒಳಾಂಗಣದ ತಗಡುಗಳಿಗೆ ಬಾ, ಬಲಗಡೆಯ ಕಂಬಗಳ ಬುಡದಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ನೋಡುತ್ತ ಹೋಗು. ಅದಾದ ಮೇಲೂ ಅವು ನಿನಗೆ ತಣ್ಣಗೇ ಕಂಡರೆ, ಯಾವ ತಗಡು, ಯಾವ ಭಾಗ ಎಂದು ಹೆಸರಿಸಿ ಬರೆ. ಉತ್ತರ ಬರೆಯುತ್ತೇನೆ.

ಇಂತಿ ನಿನ್ನ ಪ್ರೀತಿಯ ಗೆಳೆಯ