ನನ್ನ ನೋಟ್ಸಿನ ಖಾಲಿ ಜಾಗಗಳು

ಪ್ರೀತಿಯ ಪುಟ್ಟಿ,

ನಾಳೆ ನೀನು ಪಿಯುಸಿ ಸೈನ್ಸ್ ಓದಲು ತುಮಕೂರಿನ ಹಾಸ್ಟೆಲಿಗೆ ಹೊರಡುತ್ತೀಯ. ಈಗ ರಾತ್ರಿ ಹನ್ನೊಂದು ಗಂಟೆ. ನಿಮ್ಮಪ್ಪ, ಅಜ್ಜಿ, ನಿನ್ನ ತಮ್ಮ ಎಲ್ಲರೂ ಮಲಗಿದ್ದಾರೆ. ನಾನು ನಿನ್ನ ಬ್ಯಾಗಿನ ಪಕ್ಕ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕೂರಿಸಿಕೊಂಡು ಹೇಳೋಣ ಅಂದರೆ ಅಳು ಬರುತ್ತದೆ, ಹೇಳಬೇಕಾದ್ದು ಅರ್ಧಕ್ಕೇ ನಿಲ್ಲುತ್ತದೆ.

ಬ್ಯಾಗಿನ ತಳದಲ್ಲಿ, ಬೆಡ್‌ಶೀಟಿನ ಕೆಳಗೆ, ಒಂದು ಹಳೆಯ ಲಾಂಗ್ ಬುಕ್ ಇಟ್ಟಿದ್ದೇನೆ. ರಟ್ಟಿನ ಮೂಲೆಯನ್ನು ಇಲಿ ಕಡಿದಿದೆ. ಅದು ನನ್ನ ಫಸ್ಟ್ ಪಿಯುಸಿ ಫಿಸಿಕ್ಸ್ ನೋಟ್ಸ್, 1999ರದ್ದು. ಇಷ್ಟು ವರ್ಷ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ನಾನು ಯಾರಿಗೂ ತೋರಿಸಿರಲಿಲ್ಲ.

ತೆಗೆದು ನೋಡು. ಮೊದಲ ಪುಟದಲ್ಲಿ ಕೆಂಪು ಇಂಕಿನ ಮಾರ್ಜಿನ್, ಸ್ಕೇಲ್ ಇಟ್ಟು ಎಳೆದದ್ದು. ಎರಡನೇ ಪುಟದಿಂದ ಇಂಗ್ಲಿಷ್ ಪದಗಳು ಕನ್ನಡ ಅಕ್ಷರದಲ್ಲಿವೆ. ವೆಲಾಸಿಟಿ, ಡಿಸ್‌ಪ್ಲೇಸ್‌ಮೆಂಟ್. ಸ್ಪೆಲಿಂಗ್ ಗೊತ್ತಿರಲಿಲ್ಲ, ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದೇನೆ. ಲೆಕ್ಚರರ್ ಇಂಗ್ಲಿಷಿನಲ್ಲಿ ಹೇಳಿ ಬರೆಸುತ್ತಿದ್ದರು. ನನ್ನ ಕೈ ಅಷ್ಟು ಬೇಗ ಓಡುತ್ತಿರಲಿಲ್ಲ. ತಿಳಿಯದ ಕಡೆ ಎರಡು ಬೆರಳಗಲ ಜಾಗ ಬಿಟ್ಟು ಮುಂದೆ ಹೋಗುತ್ತಿದ್ದೆ, ಆಮೇಲೆ ಯಾರನ್ನಾದರೂ ಕೇಳಿ ತುಂಬಿಸೋಣ ಅಂತ. ಪುಟ ತಿರುವುತ್ತಾ ಹೋದರೆ ಆ ಜಾಗ ಅಗಲವಾಗುತ್ತಾ ಹೋಗುತ್ತದೆ. ನವೆಂಬರ್ ಹೊತ್ತಿಗೆ ಬರೀ ತಾರೀಖು, ಕೆಳಗೆ ಏನೂ ಇಲ್ಲ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಊರಿಗೇ ಮೊದಲು ಬಂದವಳು. ನಿನ್ನ ಹಾಗೇ ಕನ್ನಡ ಮೀಡಿಯಂ. ಕಾಲೇಜಿಗೆ ಸೇರಿದ ಎರಡನೇ ವಾರ ಲೆಕ್ಚರರ್ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಆಕ್ಸಿಲರೇಶನ್ ಅಂದರೇನು ಅಂತ ಕೇಳಿದರು. ಆ ಪದ ಕೇಳಿದ್ದೆ, ಅರ್ಥ ಗೊತ್ತಿರಲಿಲ್ಲ. ಸುಮ್ಮನೆ ನಿಂತೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಮಾರನೇ ದಿನದಿಂದ ನಾನು ಕೊನೇ ಬೆಂಚು. ಆ ವರ್ಷ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಫೇಲಾದೆ. ಓದು ಅಲ್ಲಿಗೇ ನಿಂತಿತು.

ಎರಡು ವರ್ಷದ ಹಿಂದೆ ನೀನು ಜಗುಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. "ವೇಗ ಬದಲಾಗುವ ದರವೇ ವೇಗೋತ್ಕರ್ಷ." ಎದುರುಮನೆಯ ಹುಡುಗ ಇಂಗ್ಲಿಷ್ ಮೀಡಿಯಂ ಪುಸ್ತಕ ಹಿಡಿದುಕೊಂಡು ಬಂದಿದ್ದ. ಎರಡರಲ್ಲೂ ಒಂದೇ ಚಿತ್ರ, ಒಂದೇ ಲೆಕ್ಕ. ಅವನ ಪುಸ್ತಕದಲ್ಲಿ ಆ ಜಾಗದಲ್ಲಿ ಆಕ್ಸಿಲರೇಶನ್ ಅಂತಿತ್ತು. ನನ್ನ ಕೈಯಲ್ಲಿ ಅಕ್ಕಿಯ ಮೊರ ಇತ್ತು. ಕೆಳಗಿಟ್ಟು ಹಾಗೇ ಕೂತುಬಿಟ್ಟೆ. ಆ ದಿನ ಕ್ಲಾಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು ಪುಟ್ಟಿ. ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದ್ದೆ, ಲೆಕ್ಕ ಬಿಡಿಸಿದ್ದೆ. ಕೇಳಿದ್ದು ಅದನ್ನೇ ಅಂತ ತಿಳಿಯದೆ ಹೋಯಿತು, ಅಷ್ಟೇ.

ನಿನಗೆ ಹೇಳಬೇಕು ಅಂತ ಕೂತದ್ದು ಇದನ್ನೇ. ಮೊದಲ ಎರಡು ಮೂರು ತಿಂಗಳು ನಿನಗೆ ನೀನೇ ದಡ್ಡಿ ಅನ್ನಿಸುತ್ತದೆ. 625ಕ್ಕೆ 571 ತೆಗೆದವಳಿಗೆ ಮೊದಲ ಟೆಸ್ಟಿನಲ್ಲಿ ಪಾಸ್ ಮಾರ್ಕ್ಸ್ ಬಂದರೆ ಸಾಕು ಅನ್ನುವ ಹಾಗಾಗಬಹುದು. ಆಗ ಬುದ್ಧಿ ಎಲ್ಲಿ ಹೋಯಿತು ಅಂತ ಹುಡುಕಬೇಡ, ಎಲ್ಲಿಗೂ ಹೋಗಿರುವುದಿಲ್ಲ. ಜವ ಬೇರೆ, ವೇಗ ಬೇರೆ ಅಂತ ನಿನಗೆ ಗೊತ್ತು. ಜಡತ್ವ, ಸಂವೇಗ, ವಕ್ರೀಭವನ, ಉತ್ಕರ್ಷಣ, ಅಭಿಸರಣೆ ಎಲ್ಲ ಗೊತ್ತು. ಹೊಸದಾಗಿ ಕಲಿಯಬೇಕಾದ್ದು ಅವುಗಳ ಇನ್ನೊಂದು ಹೆಸರು.

ಅದಕ್ಕೇ ನಿನ್ನ ಒಂಬತ್ತು, ಹತ್ತನೇ ಕ್ಲಾಸಿನ ವಿಜ್ಞಾನ, ಗಣಿತದ ಪುಸ್ತಕಗಳನ್ನು ಯಾರಿಗೂ ಕೊಡಬೇಡ ಅಂದಿದ್ದೆ. ಎದುರುಮನೆಯವರಿಂದ ಅವೇ ಪುಸ್ತಕಗಳ ಇಂಗ್ಲಿಷ್ ಮೀಡಿಯಂ ಪ್ರತಿ ಇಸಿದುಕೊಂಡಿದ್ದೇನೆ. ಎರಡೂ ಬ್ಯಾಗಿನಲ್ಲಿವೆ. ಒಂಬತ್ತನೇ ಕ್ಲಾಸಿನ ಚಲನೆಯ ಪಾಠವನ್ನು ಮೊದಲು ತೆಗೆ. ಕನ್ನಡದ ಪುಟ ಎಡಕ್ಕೆ, ಇಂಗ್ಲಿಷಿನದು ಬಲಕ್ಕೆ. ಕನ್ನಡದ ಒಂದು ಸಾಲು ಓದು, ಆಮೇಲೆ ಇಂಗ್ಲಿಷಿನ ಅದೇ ಸಾಲು. ಹೊಸ ಪದದ ಮೇಲೆ ಸಣ್ಣದಾಗಿ ಪೆನ್ಸಿಲಿನಲ್ಲಿ ಕನ್ನಡದ್ದು ಬರೆದುಕೋ. ಫಸ್ಟ್ ಪಿಯುಸಿ ಫಿಸಿಕ್ಸ್ ಶುರುವಾಗುವುದೂ ಅಳತೆ, ಚಲನೆ, ಬಲ ಅಂತಲೇ. ದಿನಕ್ಕೆ ಹತ್ತು ಪದ ಸಾಕು. ದಸರಾ ರಜೆ ಬರುವಷ್ಟರಲ್ಲಿ ಎಷ್ಟಾಗುತ್ತದೆ ನೀನೇ ಲೆಕ್ಕ ಹಾಕು.

ನನ್ನ ಜೊತೆ ನಮ್ಮ ಹೈಸ್ಕೂಲಿನಿಂದಲೇ ಒಬ್ಬಳು ಸೇರಿದ್ದಳು. ನನಗಿಂತ ಮಾರ್ಕ್ಸ್ ಕಡಿಮೆ. ಅವಳು ಮುಂದಿನ ಬೆಂಚು ಬಿಡಲಿಲ್ಲ. ಕ್ಲಾಸ್ ಮುಗಿದ ಕೂಡಲೇ ಲೆಕ್ಚರರ್ ಹಿಂದೆ ಓಡುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ ಮಾತು: "ಸರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಅವಳಿಗೆ ನಾಚಿಕೆ ಇಲ್ಲ ಅಂತ ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಈಗ ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಿನ್ನ ತಮ್ಮ ಹುಟ್ಟಿದಾಗ ನನ್ನ ಕೈಗೆ ಡ್ರಿಪ್ ಹಾಕಿದ್ದು ಅವಳೇ. ಆ ಒಂದು ಪ್ರಶ್ನೆಯನ್ನು ನೀನೂ ಬಾಯಲ್ಲಿಟ್ಟುಕೋ. ತುಂಬಿದ ಕ್ಲಾಸಿನಲ್ಲಿ ಕೇಳಲು ಧೈರ್ಯ ಬರದಿದ್ದರೆ ಸ್ಟಾಫ್ ರೂಮಿಗೆ ಹೋಗು. ಒಬ್ಬರು ಗದರಿದರೆ ಇನ್ನೊಬ್ಬರ ಹತ್ತಿರ ಹೋಗು. ಅಲ್ಲೂ ಆಗದಿದ್ದರೆ ಹಾಸ್ಟೆಲಿನ ಸೆಕೆಂಡ್ ಪಿಯುಸಿ ಅಕ್ಕಂದಿರಿದ್ದಾರೆ. ಕೇಳಬೇಕಾದ್ದು ಅದೇ ದಿನ ಕೇಳಬೇಕು. ನೋಟ್ಸಿನಲ್ಲಿ ಬಿಟ್ಟ ಜಾಗ ಮಾರನೇ ದಿನಕ್ಕೆ ಉಳಿಯಬಾರದು.

ಇನ್ನೊಂದು ವಿಷಯ. ಇದನ್ನು ಬಿಎಸ್ಸಿ ಓದುತ್ತಿರುವ ನಿನ್ನ ಚಿಕ್ಕಪ್ಪನ ಮಗಳು ಹೇಳಿದ್ದು. ಫಿಸಿಕ್ಸಿನ ಎರಡನೇ ಪಾಠದಲ್ಲೇ ಡೆರಿವೇಟಿವ್ ಅಂತ ಒಂದು ಬರುತ್ತದಂತೆ. ಮ್ಯಾಥ್ಸ್ ಪುಸ್ತಕದಲ್ಲಿ ಅದರ ಪಾಠ ಇರುವುದು ಕೊನೆಯ ಕಡೆ. ಹಾಗಾಗಿ ಅಲ್ಲಿ ಎಲ್ಲರೂ ತಡವರಿಸುತ್ತಾರೆ, ಇಂಗ್ಲಿಷ್ ಮೀಡಿಯಂನಿಂದ ಬಂದವರೂ. ನಿನಗೊಬ್ಬಳಿಗೇ ಅರ್ಥವಾಗುತ್ತಿಲ್ಲ ಅಂದುಕೊಂಡು ಅಳಬೇಡ. ಪಕ್ಕದವಳ ಮುಖ ನೋಡು, ಅವಳಿಗೂ ಅರ್ಥವಾಗಿರುವುದಿಲ್ಲ.

ಕಾಗದಪತ್ರಗಳೆಲ್ಲ ನೀಲಿ ಫೈಲಿನಲ್ಲಿವೆ. ಮಾರ್ಕ್ಸ್ ಕಾರ್ಡ್, ಟಿಸಿಯ ಜೆರಾಕ್ಸ್, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್‌ಡಿ ನಂಬರನ್ನು ನಿನ್ನ ಡೈರಿಯ ಮೊದಲ ಪುಟದಲ್ಲಿ ಬರೆದಿದ್ದೇನೆ, ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಬೇಕು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೆ ಪ್ರಮಾಣಪತ್ರ ಮಾಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಹಾಕಿಸಿದ್ದೇನೆ. ಅದಕ್ಕೆ ಮೂರು ಸಲ ಓಡಾಡಿದೆ. ಇವನ್ನು ಜೋಪಾನ ಮಾಡು. ಎರಡು ವರ್ಷ ಆದಮೇಲೆ ಸಿಇಟಿ ಸೀಟು ಹಂಚುವಾಗ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮೀಡಿಯಂನವರಿಗೆ ಶೇಕಡಾ 5 ಮೀಸಲಿದೆ. ಕ್ಲಾಸಿನಲ್ಲಿ ಯಾರಾದರೂ ಕನ್ನಡ ಮೀಡಿಯಂ ಅಂತ ಮೂಗು ಮುರಿದರೆ ಈ ಕಾಗದ ನೆನಪಿಸಿಕೋ.

ನೀಟ್ ಬಗ್ಗೆ ನೆಂಟರೆಲ್ಲ ಈಗಲೇ ಕೇಳುತ್ತಿದ್ದಾರೆ. ಡಾಕ್ಟರ್ ಆಗುತ್ತೀಯಾ ಅಂತ ನಾನು ಒಂದು ದಿನವೂ ಕೇಳಿಲ್ಲ, ಕೇಳುವುದೂ ಇಲ್ಲ. ಬರೆಯಬೇಕು ಅನ್ನಿಸಿದರೆ ಬರೆ, ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ನೀನು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆ ಬಯಾಲಜಿಯೂ ಇರುವ ಪಿಸಿಎಂಬಿ ತಗೊಂಡಿದ್ದಕ್ಕೆ ನನಗೆ ಖುಷಿಯಾದದ್ದು ಬೇರೆ ಕಾರಣಕ್ಕೆ. ಬಿಎಸ್ಸಿ ಅಗ್ರಿಕಲ್ಚರ್ ದಾರಿಯೂ ಅದರಲ್ಲಿ ತೆರೆದಿರುತ್ತದೆ. ರೈತರ ಮಕ್ಕಳ ಕೋಟಾಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇಡುತ್ತಾರೆ. ತೆಂಗಿನ ಗರಿ ನೋಡಿ ಯಾವ ರೋಗ ಅಂತ ಹೇಳುವವಳು ನೀನು. ರಾಗಿ ಹೊಲದಲ್ಲಿ ಅಜ್ಜಿಯ ಜೊತೆ ಕಳೆ ಕಿತ್ತವಳು. ಇದು ಬರೀ ನನ್ನ ಆಸೆ. ನಿನಗೆ ಬೇರೇನಾದರೂ ಹಿಡಿಸಿದರೆ ಅದನ್ನೇ ಓದು.

ಉಳಿದದ್ದು ಚುಟುಕಾಗಿ ಹೇಳುತ್ತೇನೆ. ಹಾಜರಾತಿ ಶೇಕಡಾ 75ಕ್ಕಿಂತ ಕಡಿಮೆಯಾಗದ ಹಾಗೆ ನೋಡಿಕೋ. ಬೆಳಗಿನ ತಿಂಡಿ ಬಿಡಬೇಡ. ರಾತ್ರಿ ಹನ್ನೊಂದರ ಮೇಲೆ ಫೋನ್ ಹಿಡಿಯಬೇಡ. ಮುಟ್ಟಾದಾಗ ಹೊಟ್ಟೆನೋವು ಜಾಸ್ತಿ ಇದ್ದರೆ ವಾರ್ಡನ್‌ಗೆ ಹೇಳು, ಅದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಯಾರಾದರೂ ಕಾಟ ಕೊಟ್ಟರೆ, ಅದು ಯಾರೇ ಆಗಿರಲಿ, ಮೊದಲು ನನಗೆ ಫೋನ್ ಮಾಡು. ನಾನು ಸಿಗದಿದ್ದರೆ ಮಕ್ಕಳ ಸಹಾಯವಾಣಿ 1098. ನೀನೇ ಏನೋ ಮಾಡಿರಬೇಕು ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಯಾರ ಮೇಲಾದರೂ ಮನಸ್ಸಾದರೂ ಹೇಳು ಕಣೇ. ಬೈಯುವುದಿಲ್ಲ, ಕೂತು ಮಾತಾಡೋಣ.

ಮನೆ ನೆನಪಾಗಿ ಅಳು ಬರುತ್ತದೆ. ನಮ್ಮ ಅಂಗನವಾಡಿಗೆ ಬರುವ ಮಕ್ಕಳನ್ನು ಪ್ರತಿ ಜೂನ್ ತಿಂಗಳಲ್ಲಿ ನೋಡುತ್ತೇನೆ. ಮೊದಲ ವಾರ ಬಾಗಿಲ ಕಂಬ ಹಿಡಿದು ಬಿಡುವುದೇ ಇಲ್ಲ. ಅವರಿಗೆ ನಾನು ಅಳಬೇಡಿ ಅನ್ನುವುದಿಲ್ಲ. ಅಳುತ್ತಲೇ ಪಕ್ಕದ ಮಗುವಿನ ಕೈಯಲ್ಲಿರುವ ಆಟಿಕೆ ನೋಡಲು ಶುರುಮಾಡುತ್ತವೆ. ನೀನೂ ಅತ್ತುಬಿಡು. ಫೋನ್ ಮಾಡಿ ಅತ್ತರೂ ಪರವಾಗಿಲ್ಲ. ಆದರೆ ಮೊದಲ ತಿಂಗಳಲ್ಲೇ ಬ್ಯಾಗ್ ಹಿಡಿದುಕೊಂಡು ಬಸ್ ಹತ್ತಬೇಡ.

ಹುಚ್ಚೆಳ್ಳು ಚಟ್ನಿಪುಡಿ ಸ್ಟೀಲ್ ಡಬ್ಬಿಯಲ್ಲಿದೆ, ಕೊಬ್ಬರಿ ಮಿಠಾಯಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ರೂಮಿನವರಿಗೂ ಕೊಡು. ಲಾಂಗ್ ಬುಕ್ಕಿನ ಒಳಗೆ 500 ರೂಪಾಯಿಯ ನೋಟೊಂದಿದೆ, ಕಷ್ಟಕ್ಕೆ ಅಂತ ಇಟ್ಟುಕೋ.

ಮುಂದಿನ ತಿಂಗಳ ಎರಡನೇ ಭಾನುವಾರ ಬೆಳಗಿನ ಬಸ್ಸಿಗೆ ನಾನು ಬರುತ್ತೇನೆ. ಆಧಾರ್ ಕಾರ್ಡ್ ತೋರಿಸಿದರೆ ಟಿಕೆಟಿಗೆ ದುಡ್ಡಿಲ್ಲವಲ್ಲ, ಎರಡು ತಿಂಗಳಿಗೊಮ್ಮೆ ಬರೋಣ ಅಂತಿದ್ದವಳು ಈಗ ತಿಂಗಳಿಗೊಮ್ಮೆ ಬರಬಹುದು. ಆ ದಿನ ಲಾಂಗ್ ಬುಕ್ಕನ್ನು ಹೊರಗೆ ತೆಗೆದಿಡು. ಹದಿನೇಳನೇ ಪುಟದಲ್ಲಿ ಮೂರು ಕಡೆ ಜಾಗ ಬಿಟ್ಟಿದ್ದೇನೆ. ಅಲ್ಲಿ ಏನು ಬರಬೇಕಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಿನಗೆ ತಿಳಿದಿದ್ದರೆ ನನಗೂ ಹೇಳಿಕೊಡು.

ನಿನ್ನ,
ಅಮ್ಮ