ಮಳೆ ಗ್ರಿಡ್ ಬದಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್‌ನ (ನಕ್ಷೆಯನ್ನು ಚೌಕ ಕೋಶಗಳಾಗಿ ಹಂಚಿ ಒಂದೊಂದಕ್ಕೂ ಮಳೆಯ ಸಂಖ್ಯೆ ಕೊಟ್ಟದ್ದು) ದೈನಿಕ ಮಳೆ ಕಡತವನ್ನು ಕಾಸರಗೋಡಿಗಾಗಿ 0.05 ಡಿಗ್ರಿಯ ಚಿಕ್ಕ ಕೋಶಗಳಿಗೆ ಇಳಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲು -999 ಇರುವಲ್ಲೆಲ್ಲ 'ಮಾಹಿತಿ ಇಲ್ಲ' ಎಂದು ಗುರುತಿಸಿ, ಸಿಡಿಒದಲ್ಲಿ (ಇಂಥ ಕಡತಗಳನ್ನು ಸಂಸ್ಕರಿಸುವ ತಂತ್ರಾಂಶ) ಅದರ ಆದೇಶ ಸೆಟ್‌ಸಿಟುಮಿಸ್ (setctomiss). ಇದನ್ನು ಬಿಟ್ಟರೆ ಆ ಸಂಖ್ಯೆ ಸರಾಸರಿಗೆ ಸೇರಿ ಕರಾವಳಿಯಲ್ಲಿ ಮೈನಸ್ ಮಳೆ ಬರುತ್ತದೆ. ಗುರುತಿಸಿದ ಮೇಲೂ ತೊಂದರೆ ಮುಗಿಯುವುದಿಲ್ಲ. ಹೊಸ ಬಿಂದುವಿನ ಮಳೆಯನ್ನು ಅಕ್ಕಪಕ್ಕದ ಸಂಖ್ಯೆಗಳಿಂದ ಅಂದಾಜಿಸುವ (ಇಂಟರ್‌ಪೊಲೇಟ್) ಬೈಲೀನಿಯರ್ ವಿಧಾನಕ್ಕೆ ಸುತ್ತಲಿನ ನಾಲ್ಕು ಬಿಂದು ಬೇಕು, ನಮ್ಮ ಪಡುವಣಕ್ಕೆ ಬರೀ ಕಡಲು. ಹಾಗಾಗಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕರಾವಳಿಯುದ್ದದ ಪಟ್ಟಿ ಖಾಲಿ ಉಳಿಯಬಹುದು. ಮೊದಲು ಖಾಲಿ ಬಿಂದುಗಳನ್ನು ಹತ್ತಿರದ ಬಿಂದುವಿನ ಸಂಖ್ಯೆಯಿಂದ ತುಂಬಿಸಿ (ಸೆಟ್‌ಮಿಸ್‌ಟುಎನ್‌ಎನ್, setmisstonn), ಆಮೇಲೆ ಇಂಟರ್‌ಪೊಲೇಟ್ ಮಾಡಿ, ಕೊನೆಗೆ ನೆಲದ ಮಾಸ್ಕ್‌ನಿಂದ (ಯಾವ ಕೋಶ ನೆಲ, ಯಾವುದು ಕಡಲು ಎಂದು ಹೇಳುವ ಕಡತ) ಕಡಲನ್ನು ಕತ್ತರಿಸಿ. ಬಾಗಿದ ರೇಖೆಯಿಂದ ಅಂದಾಜಿಸುವ ಬೈಕ್ಯೂಬಿಕ್ ವಿಧಾನ ಮಳೆಗೆ ಬೇಡವೇ ಬೇಡ, ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯಬಹುದು.

ಅಕ್ಷಾಂಶ, ರೇಖಾಂಶ ಕೋಶದ ನಡುವಿನದೋ ಮೂಲೆಯದೋ ನೋಡಿಕೊಳ್ಳಿ. ಇದು ತಪ್ಪಿದರೆ ನಕ್ಷೆ ಅರ್ಧ ಕೋಶ ಜರುಗುತ್ತದೆ, ಅಂದರೆ 0.125 ಡಿಗ್ರಿ, ಸುಮಾರು 14 ಕಿ.ಮೀ. ಕಾಸರಗೋಡು ಪೇಟೆಯ ಮಳೆ ಕುಂಬಳೆ ದಾಟಿ ಬೀಳುತ್ತದೆ!

ತಿರುಗಿ ಸೂಕ್ಷ್ಮ ಗ್ರಿಡ್‌ನಿಂದ (ಚಿಕ್ಕ ಕೋಶ) ಒರಟು ಗ್ರಿಡ್‌ಗೆ (ದೊಡ್ಡ ಕೋಶ) ಹೋಗುವಾಗ ಬೈಲೀನಿಯರ್ ತಪ್ಪು. ಒಂದು ದೊಡ್ಡ ಕೋಶದೊಳಗೆ 25 ಚಿಕ್ಕವು ಇದ್ದರೂ ಅದು ನಾಲ್ಕನ್ನು ಮಾತ್ರ ನೋಡುತ್ತದೆ. ಕೋಶಗಳ ವಿಸ್ತೀರ್ಣಕ್ಕೆ ತಕ್ಕಂತೆ ಸರಾಸರಿ ಮಾಡುವ ರೀಮ್ಯಾಪ್‌ಕಾನ್ (remapcon) ಆದೇಶ ಬಳಸಿ, ಮೊದಲು-ನಂತರದ ವಿಸ್ತೀರ್ಣ ಸರಾಸರಿ ತಾಳೆ ನೋಡಿ. ಮಣ್ಣಿನ ವಿಧದಂಥ ಸಂಕೇತ ಸಂಖ್ಯೆಗಳಿಗೆ ಸರಾಸರಿ ಸಲ್ಲ, ಹತ್ತಿರದ ಬಿಂದುವಿನ ಸಂಖ್ಯೆಯನ್ನೇ ಕೊಡುವ ರೀಮ್ಯಾಪ್‌ಎನ್‌ಎನ್ (remapnn) ಸಾಕು.

ಇನ್ನೊಂದು ಮಾತು: 0.05ಕ್ಕೆ ಇಳಿಸಿದ ಮಾತ್ರಕ್ಕೆ ರಾಣಿಪುರಂ ಗುಡ್ಡದ ಮಳೆ ಹೊಸದಾಗಿ ಕಾಣುವುದಿಲ್ಲ. ನಕ್ಷೆಯ ಅಡಿಯಲ್ಲಿ ಮೂಲ ಗ್ರಿಡ್ 0.25 ಎಂದು ತಪ್ಪದೆ ಬರೆಯಿರಿ.