ನಾಲ್ಕೈದು ಕಿಲೋಮೀಟರ್ ಆಫೀಸಿಗೆ ಸಾದಾ ಸೈಕಲ್ಲೇ ಸಾಕು

ಮಾನ್ಯ ಸಂಪಾದಕರೇ,

ನವರಾತ್ರಿ ಮೊದಲನೇ ದಿನ, ಅಂದ್ರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳೀತಲ್ಲ, ಆವಾಗಿಂದ ಎಲ್ಲಿ ನೋಡಿದ್ರೂ ಯಾವ ಸ್ಕೂಟರ್‌ಗೆ ಎಷ್ಟು ಕಮ್ಮಿ ಆಯ್ತು ಯಾವ ಬೈಕಿಗೆ ಎಷ್ಟು ಕಮ್ಮಿ ಆಯ್ತು ಅನ್ನೋದೇ ಮಾತು. 350 ಸಿಸಿ ತನಕದ ಗಾಡಿಗಳಿಗೆ 28 ಇದ್ದಿದ್ದು 18 ಪರ್ಸೆಂಟ್ ಆಯ್ತು, ಬೇಕಾದೋರಿಗೆ ಒಳ್ಳೇದೇ. ಆದ್ರೆ ಅದೇ ದಿನ ಸೈಕಲ್ ಮೇಲಿನ ಟ್ಯಾಕ್ಸೂ 12ರಿಂದ 5ಕ್ಕೆ ಇಳೀತು, ಅದು ಎಷ್ಟು ಜನಕ್ಕೆ ಗೊತ್ತಾಯ್ತೋ ನಂಗೆ ಅನುಮಾನ. ಏಳು ಸಾವಿರದ ಸೈಕಲ್ಲಿಗೆ ಲೆಕ್ಕ ಹಾಕಿದ್ರೆ ನಾನೂರು ಚಿಲ್ಲರೆ ರೂಪಾಯಿ ಉಳಿಯುತ್ತೆ, ಒಂದು ಗಟ್ಟಿ ಬೀಗದ ದುಡ್ಡು ಅದ್ರಲ್ಲೇ ಬಂತು.

ನಾನು ಮೈಸೂರಿನ ಕುವೆಂಪುನಗರದಿಂದ ಅಗ್ರಹಾರದ ಹತ್ರ ಇರೋ ಆಫೀಸಿಗೆ ಸೈಕಲ್ಲಲ್ಲೇ ಹೋಗೋಳು. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗ ಹುಡುಗೀರು ಹೆಚ್ಚಿನೋರು ಮೊದಲ ಸಂಬಳ ಬರೋದೇ ತಡ ಇಎಂಐ ಹಾಕ್ಸಿ ಸ್ಕೂಟರ್ ತಗೋತಾರೆ. ರಿಜಿಸ್ಟ್ರೇಷನ್ನು ಇನ್ಶೂರೆನ್ಸು ಎಲ್ಲ ಸೇರಿ ಲಕ್ಷದ ಹತ್ತಿರ ಹೋಗುತ್ತೆ, ಪೆಟ್ರೋಲ್ ಲೀಟರಿಗೆ ನೂರು ದಾಟಿ ಎಷ್ಟೋ ಕಾಲ ಆಯ್ತು, ಆಮೇಲೆ ಸರ್ವಿಸು. ಊರ ಹೊರಗಡೆ ಕೆಲಸ ಇರೋರು, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಹೋಗೋರು, ಮಂಡಿನೋವು ಇರೋರು ತಗೊಳ್ಳಿ, ಅವ್ರಿಗೆ ನಾನು ಹೇಳ್ತಿಲ್ಲ. ಮನೆಯಿಂದ ಆಫೀಸಿಗೆ ನಾಲ್ಕು ಐದು ಕಿಲೋಮೀಟರ್, ಒಬ್ರೇ ಹೋಗೋದು, ಕೈಯಲ್ಲಿ ಒಂದು ಊಟದ ಡಬ್ಬಿ, ಅಂಥೋರಿಗೆ ಹೇಳ್ತಿರೋದು. ಆರಾಮಾಗಿ ತುಳಿದ್ರೂ ಸೈಕಲ್ಲು ಗಂಟೆಗೆ 12ರಿಂದ 15 ಕಿಲೋಮೀಟರ್ ಹೋಗುತ್ತೆ, ಅಂದ್ರೆ ನಾಲ್ಕು ಕಿಲೋಮೀಟರ್‌ಗೆ ಹದಿನೈದರಿಂದ ಇಪ್ಪತ್ತು ನಿಮಿಷ, ಸಿಗ್ನಲ್‌ನಲ್ಲಿ ನಿಂತು ನಿಂತು ಹೋಗೋ ಸ್ಕೂಟರಿಗೂ ಇದಕ್ಕೂ ಬಹಳ ಏನೂ ವ್ಯತ್ಯಾಸ ಬರಲ್ಲ.

ಸರಿ ಸೈಕಲ್ಲೇ ತಗೋತೀನಿ ಅಂತ ಮನಸ್ಸು ಮಾಡಿ ಅಂಗಡಿಗೆ ಹೋದೋರಿಗೆ ಆಗೋದೇನು ನೋಡಿ. ಮುಂದೆ ಸಾಲಾಗಿ ನಿಲ್ಸಿರೋದೆಲ್ಲ ದಪ್ಪ ಟೈರು, ಮುಂದೆ ಸಸ್ಪೆನ್ಷನ್ನು, ಎರಡೂ ಕಡೆ ಡಿಸ್ಕ್ ಬ್ರೇಕು, 21 ಗೇರು. ನೋಡೋಕೆ ಚೆನ್ನಾಗಿರುತ್ತೆ, ರೇಟು ಹತ್ತು ಹನ್ನೆರಡು ಸಾವಿರ ಅಂತಾರೆ, ಆದ್ರೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಎಷ್ಟೋ ಮಾಡೆಲ್‌ಗಳಲ್ಲಿ ಚೈನ್ ಕವರ್ ಇಲ್ಲ, ಕೆಲವಕ್ಕೆ ಬೆಲ್ಲೂ ನಾವೇ ಹಾಕ್ಸಬೇಕು. ಆಫೀಸಿಗೆ ಹೋಗೋರಿಗೆ ಬೇಕಾಗಿರೋದು ಇವೇ ತಾನೆ? ಮಡ್‌ಗಾರ್ಡ್ ಇಲ್ದೆ ಒಂದು ಮಳೆಯಲ್ಲಿ ಹೋದ್ರೆ ಹಿಂದಿನ ಚಕ್ರ ರಸ್ತೆ ನೀರನ್ನೆಲ್ಲ ಬೆನ್ನಿಗೆ ಎರಚುತ್ತೆ, ಆ ಷರ್ಟಲ್ಲಿ ಇಡೀ ದಿನ ಕೂತು ಕೆಲಸ ಮಾಡೋಕಾಗುತ್ತಾ. ಚೈನ್ ಕವರ್ ಇಲ್ದಿದ್ರೆ ಪ್ಯಾಂಟಿನ ತುದಿಗೆ ಗ್ರೀಸು, ಚೂಡಿದಾರದ ವೇಲು ಸಿಕ್ಕಿಹಾಕಿಕೊಂಡ್ರಂತೂ ಅಪಾಯ.

ಸಸ್ಪೆನ್ಷನ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಚ್ಚು ಜನ ಅದನ್ನ ನೋಡೇ ದುಡ್ಡು ಕೊಡ್ತಾರೆ. ಕಮ್ಮಿ ರೇಟಿನ ಸೈಕಲ್‌ನಲ್ಲಿ ಹಾಕಿರೋದು ಕಬ್ಬಿಣದ ಸ್ಪ್ರಿಂಗಿನ ಫೋರ್ಕು, ಅಂದ್ರೆ ಮುಂದಿನ ಚಕ್ರ ಹಿಡ್ಕೊಂಡಿರೋ ಕವಲು, ಅದೊಂದೇ ಎರಡು ಕೆಜಿಗಿಂತ ಜಾಸ್ತಿ ತೂಗುತ್ತೆ, ಜೋರಾಗಿ ತುಳಿದಾಗೆಲ್ಲ ಮುಂದಗಡೆ ಕುಗ್ಗಿ ಕುಗ್ಗಿ ಏಳುತ್ತೆ, ನಮ್ಮ ಕಾಲಿನ ಬಲ ಸ್ವಲ್ಪ ಅದ್ರಲ್ಲೇ ಹೋಗುತ್ತೆ. ಬಟನ್ ಬಟನ್ ಇರೋ ಟೈರು ಮಣ್ಣುದಾರಿಗೆ ಹಿಡಿತ ಕೊಡೋಕೆ ಮಾಡಿರೋದು, ಟಾರ್ ರಸ್ತೆ ಮೇಲೆ ಅದು ಗುಂಯ್ ಅಂತ ಸದ್ದು ಮಾಡ್ತಾ ಹಿಂದಕ್ಕೆ ಎಳೆದ ಹಾಗಾಗುತ್ತೆ. ಇನ್ನು ಗೇರು, ಪಾರ್ಕಿಂಗಲ್ಲಿ ಯಾರದ್ದೋ ಬೈಕ್ ತಾಗಿ ಸೈಕಲ್ಲು ಬಲಗಡೆಗೆ ಬಿದ್ರೆ ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ದಾಟಿಸೋ ಹಿಂದಿನ ಡಿರೇಲರ್ ಬಗ್ಗುತ್ತೆ, ಅಲ್ಲಿಂದ ಚೈನ್ ಕಟಕಟ ಅನ್ನೋಕೆ ಶುರು, ಅದನ್ನ ಸರಿಯಾಗಿ ಅಡ್ಜಸ್ಟ್ ಮಾಡೋ ಮೆಕ್ಯಾನಿಕ್ ಎಲ್ಲ ಬೀದೀಲೂ ಸಿಗಲ್ಲ. ಸೈಕಲ್ ತಗೊಂಡು ಮೂರೇ ತಿಂಗಳಿಗೆ ಮೆಟ್ಟಿಲ ಕೆಳಗೆ ನಿಲ್ಸಿಬಿಟ್ಟೋರನ್ನ ಕೇಳಿ ನೋಡಿ, ಸೈಕಲ್ ತುಳಿಯೋದು ಕಷ್ಟ ಅಂತಾರೆ. ಕಷ್ಟ ಆಗಿದ್ದು ಸೈಕಲ್ಲಲ್ಲ, ಅವ್ರ ಕೆಲಸಕ್ಕೆ ಹೊಂದದೆ ಇರೋ ಸೈಕಲ್ಲು.

ನನ್ನ ಅಭಿಪ್ರಾಯ ಕೇಳಿದ್ರೆ ಗೇರಿಲ್ಲದ ಸಾದಾ ಸೈಕಲ್ಲು, ಐದರಿಂದ ಎಂಟು ಸಾವಿರದ ಒಳಗಡೆ, ಮಡ್‌ಗಾರ್ಡು ಕ್ಯಾರಿಯರ್ರು ಸ್ಟ್ಯಾಂಡು ಚೈನ್ ಕವರ್ರು ಎಲ್ಲ ಫಿಟ್ ಆಗಿರೋದು. ಟೈರು ನುಣುಪಾಗಿರ್ಲಿ, ಮಧ್ಯಮ ಅಗಲ ಇರ್ಲಿ. ಗಾಳಿ ಎಷ್ಟು ಹೊಡೆಸಬೇಕು ಅಂತ ಟೈರಿನ ಪಕ್ಕದಲ್ಲೇ ಪಿಎಸ್‌ಐ ಲೆಕ್ಕದಲ್ಲಿ ಬರೆದಿರುತ್ತೆ, ಅಷ್ಟು ಇದ್ರೆ ಅರ್ಧ ಆಯಾಸ ಅಲ್ಲೇ ಕಮ್ಮಿ. ರಿಮ್ಮು ಅಲಾಯ್ ಇದ್ರೆ ಒಳ್ಳೇದು, ಯಾಕಂದ್ರೆ ಪಳಪಳ ಹೊಳೆಯೋ ಕ್ರೋಮ್ ಸ್ಟೀಲ್ ರಿಮ್ಮು ಮಳೇಲಿ ಒದ್ದೆ ಆದ್ರೆ ಬ್ರೇಕ್ ಹಿಡಿಯೋದೇ ಇಲ್ಲ, ಜಾರಿಕೊಂಡು ಮುಂದಕ್ಕೆ ಹೋಗುತ್ತೆ. ಡಿಸ್ಕ್ ಬ್ರೇಕಿಗೆ ಜಾಸ್ತಿ ದುಡ್ಡು ಕೊಡೋ ಬದಲು ರಿಮ್ ಬ್ರೇಕೇ ಇರ್ಲಿ, ಬ್ರೇಕ್ ಶೂ ಸವೆದ್ರೆ ಯಾವ ಸೈಕಲ್ ಶಾಪ್‌ನಲ್ಲಾದ್ರೂ ಹಾಕಿಕೊಡ್ತಾರೆ.

ಏರು ಬಂದ್ರೆ ಗೇರಿಲ್ದೆ ಹೆಂಗೆ ಅಂತ ಎಲ್ರೂ ಕೇಳ್ತಾರೆ. ಮೈಸೂರಲ್ಲಿ ಆಫೀಸಿಗೆ ಹೋಗೋ ದಾರಿಗಳಲ್ಲಿ ಇರೋದು ಸಣ್ಣಪುಟ್ಟ ಏರು, ಅದಕ್ಕೆ ಒಂದು ಅಗ್ಗದ ಉಪಾಯ ಇದೆ, ಅಂಗಡಿಯವರು ತಾವಾಗೇ ಹೇಳಲ್ಲ. ಹಿಂದಿನ ಚಕ್ರದಲ್ಲಿ ಚೈನ್ ಕೂರೋ ಹಲ್ಲಿನ ಬಿಲ್ಲೆ, ಅಂದ್ರೆ ಫ್ರೀವೀಲ್, ಸಾಮಾನ್ಯವಾಗಿ 18 ಹಲ್ಲಿಂದು, ಅದನ್ನ ತೆಗೆಸಿ 20 ಹಲ್ಲಿಂದು ಹಾಕ್ಸಿ, ತುಳಿಯೋದು ಸುಮಾರು ಹತ್ತರಲ್ಲಿ ಒಂದು ಪಾಲು ಹಗುರ ಆಗುತ್ತೆ, ವೇಗ ಅಷ್ಟೇ ಸ್ವಲ್ಪ ಕಮ್ಮಿ ಆಗುತ್ತೆ, ಆಫೀಸಿಗೆ ಹೋಗೋಕೆ ಅದು ಲೆಕ್ಕಕ್ಕೇ ಬರಲ್ಲ. ಮಡಿಕೇರಿಯಂಥ ಊರಿನೋರಿಗೆ, ಇಲ್ಲ ಭಾನುವಾರ ಚಾಮುಂಡಿ ಬೆಟ್ಟ ಹತ್ತೋ ಆಸೆ ಇರೋರಿಗೆ ಗೇರು ಬೇಕೇ ಬೇಕು, ಅವ್ರು ಸಸ್ಪೆನ್ಷನ್ ಇಲ್ಲದ ಹೈಬ್ರಿಡ್ ಸೈಕಲ್ (ರೋಡ್ ಸೈಕಲ್ಲಿಗೂ ಮೌಂಟೇನ್ ಸೈಕಲ್ಲಿಗೂ ಮಧ್ಯದ್ದು) ನೋಡ್ಲಿ, ಹದಿನೈದು ಸಾವಿರದ ಮೇಲೆ ಆಗುತ್ತೆ ಆದ್ರೆ ಆ ದುಡ್ಡಿಗೆ ನ್ಯಾಯ ಇದೆ. ಬೆವರು ಬರಬಾರದು ಅನ್ನೋರಿಗೆ ಮೋಟಾರ್ ಇರೋ ಇ-ಸೈಕಲ್ಲೂ ಇದೆ, 250 ವ್ಯಾಟ್ ಮತ್ತೆ ಗಂಟೆಗೆ 25 ಕಿಲೋಮೀಟರ್ ಒಳಗಿದ್ರೆ ಲೈಸೆನ್ಸು ರಿಜಿಸ್ಟ್ರೇಷನ್ನು ಯಾವುದೂ ಬೇಡ, ಆದ್ರೆ ಮುಂದೆ ಬ್ಯಾಟರಿ ಬದಲಾಯಿಸೋ ಖರ್ಚನ್ನ ಮೊದಲೇ ಕೇಳಿಕೊಂಡು ತಗೊಳ್ಳಿ.

ಎಲ್ಲಕ್ಕಿಂತ ಮುಖ್ಯ ಅಳತೆ ಕಣ್ರೀ. ಚಪ್ಪಲಿ ಷೂ ತಗೊಳ್ಳೋವಾಗ ಹಾಕಿ ನೋಡ್ತೀವಿ, ಸೈಕಲ್ಲನ್ನ ಮಾತ್ರ ಬಣ್ಣ ನೋಡಿ ತಗೊಂಡುಬಿಡ್ತೀವಿ. ಬಾರ್ ಇರೋ ಸೈಕಲ್ ಆದ್ರೆ ಎರಡೂ ಕಾಲು ನೆಲಕ್ಕೆ ಊರಿ ನಿಂತಾಗ ಬಾರಿಗೂ ಮೈಗೂ ಮಧ್ಯೆ ಎರಡು ಬೆರಳಷ್ಟಾದ್ರೂ ಜಾಗ ಇರ್ಬೇಕು. ಸೀಟಿನ ಎತ್ತರ ಹೇಗೆ ನೋಡೋದು ಅಂದ್ರೆ, ಸೀಟಲ್ಲಿ ಕೂತು ಪೂರ್ತಿ ಕೆಳಗೆ ಬಂದಿರೋ ಪೆಡಲ್ ಮೇಲೆ ಹಿಮ್ಮಡಿ ಇಟ್ರೆ ಕಾಲು ನೇರ ಆಗ್ಬೇಕು. ನಮ್ಮೋರು ಎರಡೂ ಪಾದ ನೆಲಕ್ಕೆ ಚೆನ್ನಾಗಿ ಸಿಗ್ಲಿ ಅಂತ ಸೀಟನ್ನ ತೀರಾ ಕೆಳಗಿಳಿಸಿ ಓಡಿಸ್ತಾರೆ, ಮಂಡಿ ನೋವು ಬರೋದು ಅದಕ್ಕೇ. ಸೀರೆ ಚೂಡಿದಾರ ಹಾಕೋರಿಗೆ ಬಾರ್ ಇಲ್ಲದ ಲೇಡೀಸ್ ಫ್ರೇಮೇ ಅನುಕೂಲ, ಆದ್ರೆ ಅವುಗಳಲ್ಲಿ ಬಹಳಷ್ಟನ್ನ ಹೈಸ್ಕೂಲ್ ಹುಡುಗೀರ ಅಳತೆಗೇ ಮಾಡಿರ್ತಾರೆ, ನನ್ನಂಥ ಎತ್ತರದೋರು ಸೀಟಿನ ಕಂಬ ಎಷ್ಟು ಮೇಲೆ ಬರುತ್ತೆ ಅಂತ ಏರಿಸಿ ನೋಡೇ ದುಡ್ಡು ಕೊಡಬೇಕು. ಕೆಲಸಕ್ಕೆ ಹೋಗೋ ಹೆಂಗಸರೂ ಸೈಕಲ್ ತುಳೀತಾರೆ ಅನ್ನೋದನ್ನ ಕಂಪನಿಗಳು ಇನ್ನಾದ್ರೂ ಯೋಚನೆ ಮಾಡ್ಲಿ.

ದುಡ್ಡು ತೀರಾ ಕಮ್ಮಿ ಇದ್ರೆ ಹಳೇದು ಹುಡುಕಿ, ನಾಚಿಕೆ ಬೇಡ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ವರ್ಷ ವರ್ಷ ಸೈಕಲ್ ಕೊಡ್ತಿತ್ತಲ್ಲ, ಆ ಸೈಕಲ್‌ಗಳು ಎಷ್ಟೋ ಮನೆಗಳ ಹಿತ್ತಲಲ್ಲಿ ಸುಮ್ನೆ ನಿಂತಿವೆ. ಫ್ರೇಮಿನ ಬೆಸುಗೆ ಜಾಗದಲ್ಲಿ ಬಿರುಕಿಲ್ಲ ಅಂತ ನೋಡಿಕೊಳ್ಳಿ, ಚಕ್ರ ಎತ್ತಿ ತಿರುಗಿಸಿ ಓಲಾಡುತ್ತಾ ನೋಡಿ, ಸಣ್ಣ ಬೆಂಡು ತೆಗೆಸಬಹುದು. ಟೈರು ಟ್ಯೂಬು ಚೈನು ಬ್ರೇಕ್ ಶೂ ಹೊಸದು ಹಾಕ್ಸಿ ಓವರಾಲಿಂಗ್ ಮಾಡಿಸಿದ್ರೂ ಹೊಸ ಸೈಕಲ್ಲಿನ ಅರ್ಧ ರೇಟು ದಾಟೋದು ಕಷ್ಟ.

ಈಗ ಸಂಬಂಧಪಟ್ಟೋರಿಗೆ ನನ್ನ ವಿನಂತಿ. ಇದೇ ಊರಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ 450 ಸೈಕಲ್ಲು, 48 ಕಡೆ ನಿಲ್ದಾಣ ಮಾಡಿದ್ರು, ಸೈಕಲ್ಲಿಗೆ ಅಂತ ಊರಲ್ಲಿ ಜಾಗ ಬೇಕು ಅನ್ನೋದನ್ನ ಆವಾಗ್ಲೇ ಒಪ್ಪಿಕೊಂಡ ಹಾಗಾಯ್ತು. ಸ್ವಂತ ಸೈಕಲ್ ಇಟ್ಟಿರೋರಿಗೂ ಮಾರ್ಕೆಟ್ ಹತ್ರ, ಬಸ್ ಸ್ಟ್ಯಾಂಡ್ ಹತ್ರ, ಸರ್ಕಾರಿ ಆಫೀಸುಗಳ ಕಾಂಪೌಂಡಲ್ಲಿ ಬೀಗ ಹಾಕೋಕೆ ಒಂದು ಕಬ್ಬಿಣದ ಕಂಬಿ ನೆಟ್ಟುಕೊಡ್ಲಿ, ಈಗ ಎಷ್ಟೋ ಕಡೆ ಸೆಕ್ಯೂರಿಟಿಯವರು ಬೈಕಿಗೆ ಜಾಗ ತೋರಿಸ್ತಾರೆ ಸೈಕಲ್ ಕಂಡ್ರೆ ಆಚೆ ನಿಲ್ಸಿ ಅಂತಾರೆ. ಖಾಸಗಿ ಆಫೀಸಿನೋರು ಹತ್ತು ಸೈಕಲ್ ನಿಲ್ಲೋ ಅಷ್ಟು ಜಾಗಕ್ಕೆ ಒಂದು ಶೀಟ್ ಹಾಕ್ಸಿದ್ರೆ ಚೈನ್ ತುಕ್ಕು ಹಿಡಿಯೋದು ತಪ್ಪುತ್ತೆ. ಅಂಗಡಿಯವರು ಸಾದಾ ಸೈಕಲ್‌ಗಳನ್ನ ಗೋಡೌನಿಂದ ತಂದು ಮುಂದಿನ ಸಾಲಲ್ಲಿ ನಿಲ್ಸಲಿ, ಗಿರಾಕಿ ಎಷ್ಟು ದೂರ ಹೋಗ್ತಾರೆ ಏನು ಹೊತ್ಕೊಂಡು ಹೋಗ್ತಾರೆ ಅಂತ ಮೊದ್ಲು ಕೇಳಲಿ. ಸಂಪಾದಕರೇ, ತಮ್ಮ ಪತ್ರಿಕೆಯಲ್ಲೂ ಹೊಸ ಬೈಕ್ ಕಾರುಗಳ ಬಗ್ಗೆ ಬರೆಯೋ ಜಾಗದಲ್ಲಿ ಎಂಟು ಸಾವಿರದ ಒಳಗಿನ ಸೈಕಲ್‌ಗಳನ್ನ ಓಡಿಸಿ ನೋಡಿ, ತೂಕ ಬ್ರೇಕು ಅಳತೆ ಎಲ್ಲ ಪರೀಕ್ಷೆ ಮಾಡಿ ಬರೆಸಿ, ಹೊಸದಾಗಿ ಕೆಲಸಕ್ಕೆ ಸೇರೋ ಮಕ್ಕಳು ಸಾಲ ಮಾಡೋಕೆ ಮುಂಚೆ ಅದನ್ನ ಓದ್ಲಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಕುವೆಂಪುನಗರ, ಮೈಸೂರು